ತಂಗಿಯ ಸರ್ವರ್‌ಗೆ ತಲುಪದ ಮಾತು

ಭಾನುವಾರ, ಮಧ್ಯಾಹ್ನ

ಮುದ್ದಿನ ತಂಗಿಗೆ,

ಅಕ್ಕನ ಆಶೀರ್ವಾದ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯೋ ಗೊತ್ತಿಲ್ಲದೆ ನನಗೆ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ. ಕಾಗದ ಬರೆಯಲು ಇಷ್ಟು ತಡಮಾಡಿದಳಲ್ಲ ಎಂದು ಬೈಯಬೇಡ. ಸರ್ವರ್ ಇವತ್ತು ಸರಿಹೋದೀತು, ನಾಳೆ ಸರಿಹೋದೀತು ಎಂದು ಕಾದು ಕೂತಿದ್ದೆ.

ಯಾವ ಕಂಪನಿಯ ಹಂಗೂ ಬೇಡ, ಅವರವರ ಮನೆಗೆ ಅವರವರದೇ ಅಂಚೆಕಚೇರಿ ಇರಲಿ ಎಂದು ಹಟಹಿಡಿದು, ನಮ್ಮ ಕನ್ನಡಕದಂಗಡಿಯ ಹಿಂದಿನ ಕಪಾಟಿನಲ್ಲಿ ಈ ಸರ್ವರ್ ಡಬ್ಬಿಯನ್ನು ಕೂರಿಸಿ ಹೋದವಳು ನೀನೇ. ಕೆಟ್ಟರೆ ಏನು ಮಾಡಲಿ ಎಂದಿದ್ದಕ್ಕೆ, ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಪ್ರೋಟೋಕಾಲಿನ ಕೈಪಿಡಿಯಲ್ಲಿ ಎಲ್ಲಾ ಇದೆ, ಓದಿಕೋ ಅಂದೆ. ಎಲ್ಲಾ ಇದೆ, ಸರಿ. ಎಲ್ಲಿದೆ ಅನ್ನುವುದನ್ನು ಮಾತ್ರ ಯಾರೂ ಬರೆದಿಲ್ಲ. ಒಂದು ಪುಟ ಇನ್ನೊಂದಕ್ಕೆ ಕಳಿಸುತ್ತದೆ, ಅದು ತಾನು ಹಳೆಯದಾದೆ ಎಂದು ಮೂರನೆಯದಕ್ಕೆ ದಾಟಿಸುತ್ತದೆ, ಮೂರನೆಯದು ತೆರೆಯುವುದೇ ಇಲ್ಲ. ಅದರ ಮಾತೂ ಅಷ್ಟೇ. ಮಾಡಲೇಬೇಕು, ಮಾಡಿದರೆ ಒಳ್ಳೆಯದು, ಬೇಕಾದರೆ ಮಾಡು ಎಂದು ಥೇಟ್ ನಮ್ಮ ಅತ್ತೆಯ ಹಾಗೆ.

ಗಿರಾಕಿಗಳಿಲ್ಲದಾಗೆಲ್ಲ ಕೂತು ಓದಿದೆ. ಕಂಪ್ಯೂಟರಿನ ಗಡಿಯಾರ ಹಿಂದಿದ್ದರೆ ಆಚೆಯ ಸರ್ವರ್‌ಗಳು ನಮ್ಮ ಸಹಿಯನ್ನು ನಂಬುವುದಿಲ್ಲ ಎಂದಿತ್ತು, ಅದನ್ನೂ ಸರಿಮಾಡಿದೆ. ಚಿಕ್ಕಮ್ಮನ ಮಗಳಿಗೆ ಬರೆದದ್ದು ಕಣ್ಣುಮುಚ್ಚಿ ತೆಗೆಯುವುದರೊಳಗೆ ತಲುಪಿತು. ನಿನ್ನ ಸರ್ವರ್‌ನಲ್ಲಿರುವ ನಿನ್ನ ಪುಟ ಮಾತ್ರ ಸಿಗುವುದಿಲ್ಲ ಅನ್ನುತ್ತದೆ. ಫೋನ್ ಎತ್ತದಿರುವುದು ನಿನ್ನ ಹುಟ್ಟುಗುಣ, ಅದು ಬಿಡು. ಆದರೆ ಗಂಟಲಿನ ಗಂಟಿನ ಆಪರೇಷನ್‌ಗೆ ಕೊಟ್ಟಿದ್ದ ದಿನ ಕಳೆದುಹೋಯಿತಲ್ಲೇ. ಮಾಡಿಸಿಕೊಂಡೆಯೋ, ಹೆದರಿ ಮತ್ತೆ ಮುಂದಕ್ಕೆ ಹಾಕಿದೆಯೋ? ಹೋಗು, ಹೋಗು ಎಂದು ಬೆಳಿಗ್ಗೆ ಸಂಜೆ ಬರೆದು ನಿನ್ನ ಪ್ರಾಣ ತಿಂದೆ, ನಿಜ. ಅಮ್ಮ ಇದ್ದಿದ್ದರೆ ಅವಳು ತಿನ್ನುತ್ತಿದ್ದಳು. ಅವಳ ಪಾಲಿನದನ್ನೂ ನಾನೇ ತಿಂದೆ.

ನಿನ್ನ ಭಾವ ಮೊನ್ನೆ ತಡೆಯಲಾರದೆ ಅಂದರು, "ಆ ಡಬ್ಬಿ ಮುಂದೆ ಕೂತು ಏನು ನೋಡ್ತೀಯ? ಬಸ್ಸು ಹತ್ತಿ ಹೋಗಿ ಅವಳ ಮುಖ ನೋಡ್ಕೊಂಡು ಬಾ." ಕರೆಯದೆ ಬಂದರೆ ನಿನಗೆ ಸಿಟ್ಟು ಬರುತ್ತದೆಂದು ಸುಮ್ಮನಿದ್ದೇನೆ.

ಗಂಟಲಿಗೆ ತಣ್ಣೀರು ಸೋಕಿಸಬೇಡ. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಓಡಾಡು. ನೂರು ಕಾಲ ಬಾಳು, ನನ್ನ ಆಯಸ್ಸೂ ನಿನಗಿರಲಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಕೈಪಿಡಿಯಲ್ಲಿ ಉತ್ತರ ನಿನ್ನೆಯೇ ಸಿಕ್ಕಿತು. ಯಾರನ್ನಾದರೂ ಬ್ಲಾಕ್ ಮಾಡಿದರೆ ಆ ಸುದ್ದಿಯನ್ನು ಅವರಿಗೇ ಕಳಿಸಬಾರದು ಎಂದಿದೆ. ಚಿಕ್ಕಮ್ಮನ ಮಗಳನ್ನು ಕೇಳಿದೆ. ನಿನ್ನ ಪುಟ ಅವಳಿಗೆ ಕಾಣುತ್ತದಂತೆ. ಆಪರೇಷನ್ ಆಯಿತೇ ಎಂದು ಕೇಳಲು ಬಾಯಿ ಬರಲಿಲ್ಲ. ಅವಳಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲ ಅನ್ನುವುದನ್ನು ತಡೆದುಕೊಳ್ಳಲಾರೆ. ನಿನ್ನ ಭಾವನ ಮುಂದೆ ಸರ್ವರ್ ಕೆಟ್ಟಿದೆ ಎಂದೇ ಹೇಳುತ್ತಿದ್ದೇನೆ. ನನಗೆ ಹಾಕಿದ ಬ್ಲಾಕ್ ತೆಗೆಯಬೇಡ, ಹಾಗೇ ಇರಲಿ. ಚೆನ್ನಾಗಿದ್ದೀನಿ ಅಂತ ಅವಳ ಕೈಲಿ ಒಂದು ಮಾತು ಹೇಳಿಸು ಸಾಕು. ತಿರುಗಿ ನಾನು ಏನೂ ಕೇಳುವುದಿಲ್ಲ.