ಕೇಳದೆ ಬಂದ ಭೂಮಿಯನ್ನು ವಾಪಸು ಪಡೆಯಿರಿ

ಭೂದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ ಇಲಾಖೆಯ ಮಾನ್ಯ ಮುಖ್ಯಸ್ಥರೇ,

ನಿಮ್ಮ ಇಲಾಖೆ ನನ್ನ ಭೂಮಿಯನ್ನು ಕಿತ್ತುಕೊಂಡಿಲ್ಲ, ಕೊಟ್ಟಿದೆ. ಅದೇ ನನ್ನ ತಕರಾರು. ನಮ್ಮ ಇಡೀ ಕುಟುಂಬದ ತೆಂಗಿನ ತೋಪು, ಪುಲಾಕಾ ಗೆಡ್ಡೆ ಬೆಳೆಯುವ ಹೊಂಡ, ಮನೆ ನಿಂತ ಜಾಗ, ಮನೆ ಮುಂದಿನ ಅಜ್ಜಂದಿರ ಸಮಾಧಿ, ಎಲ್ಲವನ್ನೂ ನನ್ನೊಬ್ಬಳ ಹೆಸರಿಗೆ ಬರೆದಿದ್ದೀರಿ. ದಯವಿಟ್ಟು ವಾಪಸು ತೆಗೆದುಕೊಳ್ಳಿ. ಇಂಥ ಅರ್ಜಿ ನಿಮ್ಮ ಕಚೇರಿಗೆ ಹಿಂದೆ ಬಂದಿರಲಿಕ್ಕಿಲ್ಲ. ಅದಕ್ಕೇ ಇದನ್ನು ನಮ್ಮ ದ್ವೀಪದ ಸಭಾಭವನದ ಗೋಡೆಗೂ ಅಂಟಿಸುತ್ತಿದ್ದೇನೆ.

ನಾನು ಹೆಚ್ಚು ಓದಿದವಳಲ್ಲ. ಅಮ್ಮ ಹಾಸಿಗೆ ಹಿಡಿದ ವರ್ಷ ಶಾಲೆ ಬಿಟ್ಟವಳು ಮತ್ತೆ ಆ ಕಡೆ ಹೋಗಲಿಲ್ಲ. ಆದ್ದರಿಂದ 'ಸಾಮರ್ಥ್ಯ ವೃದ್ಧಿ' ಎಂಬ ನಿಮ್ಮ ದೊಡ್ಡ ಮಾತು ನನಗೆ ಪೂರ್ತಿ ತಿಳಿಯದಿರಬಹುದು. ದೂರದ ಮಿತ್ರದೇಶವೊಂದು ಯಂತ್ರ ಕೊಟ್ಟಿತು, ನಮ್ಮ ಹುಡುಗರನ್ನು ಕರೆದೊಯ್ದು ತರಬೇತಿ ಕೊಟ್ಟಿತು, ಹೂಮಾಲೆ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡಿತು. ಸಂತೋಷ. ಅವರು ಒಳ್ಳೆಯ ಜನ, ನಮ್ಮ ಎಳನೀರು ಕುಡಿದು ಹೊಗಳಿದರು. ಆದರೆ ಯಾರ ಸಾಮರ್ಥ್ಯ ಎಲ್ಲಿ ವೃದ್ಧಿಯಾಯಿತು ಎಂದು ಒಮ್ಮೆ ವಿಚಾರಿಸಿದ್ದೀರಾ?

ಅವರು ನಮ್ಮ ಮನೆಗೆ ಬಂದ ದಿನ ಎಲ್ಲರೂ ಚರ್ಚಿನ ಮಾಡು ಕಟ್ಟಲು ಹೋಗಿದ್ದರು. ನಾನೊಬ್ಬಳೇ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಇಬ್ಬರು ಪರದೇಶಿಗಳು, ಜೊತೆಗೆ ನಿಮ್ಮ ಗುಮಾಸ್ತ ತಾಉಸಿ. ಭೂಮಿ ಯಾರದು ಎಂದು ಕೇಳಿದರು. ನಮ್ಮಲ್ಲಿ ಅದಕ್ಕಿರುವುದು ಒಂದೇ ಉತ್ತರ, "ಒಟ್ಟಿಗೆ ಉಣ್ಣುವವರದು." ಅದನ್ನೇ ಹೇಳಿದೆ. ಒಬ್ಬ ಪರದೇಶಿ ಕೈಯಲ್ಲಿದ್ದ ಯಂತ್ರದ ಗಾಜಿನ ಹಲಗೆಯ ಮೇಲೆ ಬೆರಳಾಡಿಸಿ ತಲೆ ಅಲ್ಲಾಡಿಸಿದ.

"ಅಕ್ಕಾ, ಅಷ್ಟು ಜನ ಇದರೊಳಗೆ ಹಿಡಿಯಲ್ಲ. ಒಂದೇ ಒಂದು ಹೆಸರು ಹೇಳು, ಹಡಗು ಹೊರಡ್ತಾ ಇದೆ," ಎಂದ ತಾಉಸಿ.

"ಅಣ್ಣ ಬರಲಿ ತಡಿ."

"ಅಣ್ಣನ ಹೆಸರೇ ಹೇಳಿಬಿಡು ಮತ್ತೆ."

"ನಿನಗೇನು ಬುದ್ಧಿ ಗಿದ್ಧಿ ಇದೆಯಾ? ನಾನು ಹೇಳ್ತೀನಾ?"

ಪರವೂರಿನವರೆದುರು, ಅಣ್ಣ ಇಲ್ಲದಾಗ, ತಂಗಿಯಾದವಳು ಅವನ ಹೆಸರೆತ್ತುವುದುಂಟೇ? ಈ ಪತ್ರದಲ್ಲೂ ಬರೆಯುವುದಿಲ್ಲ. ತಾಉಸಿ ನಮ್ಮ ದ್ವೀಪದವನಲ್ಲ, ನಮ್ಮಣ್ಣನ ಹೆಸರು ಅವನಿಗೂ ತಿಳಿಯದು. ಮರ್ಯಾದೆ ಉಳಿಸಲು ನನ್ನ ಹೆಸರೇ ಹೇಳಿದೆ. ಕದ ತೆರೆದವರು ಮನೆಯ ಪರವಾಗಿ ಮಾತಾಡುವುದು ನಮ್ಮಲ್ಲಿ ವಾಡಿಕೆ. ಯಂತ್ರಕ್ಕೆ ವಾಡಿಕೆ ತಿಳಿಯದು, ಸರಿ. ತಾಉಸಿಗೆ ತಿಳಿದಿತ್ತಲ್ಲ? ನಿಮಗೆ ತಿಳಿದಿತ್ತಲ್ಲ, ಮಾನ್ಯರೇ? ನೀವೂ ಇಂಥದೇ ಮನೆಯಲ್ಲಿ ಉಂಡು ಬೆಳೆದವರಲ್ಲವೇ?

ಮುದ್ರೆ ಒತ್ತಿದ ಹಕ್ಕುಪತ್ರ ಬಂತು. ಅಣ್ಣ ಅದನ್ನು ಓದಿ ಚಾಪೆಯ ಮೇಲಿಟ್ಟು ಎದ್ದುಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯುವ ಕೆಲಸ ಅತ್ತಿಗೆ ಮಕೆಲಿತಾಳದು. ಗೆಡ್ಡೆ ಕೀಳಲು ಹೋಗುವಾಗಲೆಲ್ಲ ನನ್ನ ಬಾಗಿಲಲ್ಲಿ ನಿಲ್ಲುತ್ತಾಳೆ.

"ಒಡತಿಯಮ್ಮಾ, ಒಂದು ಗೆಡ್ಡೆ ಕೀಳಲಾ? ಅಪ್ಪಣೆ ಆಗಬೇಕು."

"ಸುಮ್ನಿರು ಅತ್ತಿಗೆ, ಸಾಕು."

"ಅಯ್ಯೋ, ನಾವು ಒಕ್ಕಲು ಜನ. ಕೇಳದೆ ಕಿತ್ತರೆ ಪೊಲೀಸರನ್ನ ಕರೆಸಿಬಿಟ್ರೆ?"

ಈಗ ಅವರ ಒಲೆ ಬೇರೆ, ನನ್ನ ಒಲೆ ಬೇರೆ. ಒಂದೇ ಅಂಗಳದಲ್ಲಿ ಎರಡು ಹೊಗೆ. ಮೊದಮೊದಲು ಅಳುತ್ತಿದ್ದೆ, ಈಗ ಅದೂ ಬರುವುದಿಲ್ಲ. ಮೀನು ಬೇಯಿಸುತ್ತೇನೆ, ಉಪ್ಪು ಹಾಕಿದೆನೋ ಬಿಟ್ಟೆನೋ ನಾಲಿಗೆಗೆ ಗೊತ್ತಾಗುವುದಿಲ್ಲ. ಯಾರಾದರೂ ಕರೆದರೆ ಬೇರೆ ಯಾರನ್ನೋ ಕರೆದಂತೆ ಕೇಳಿಸುತ್ತದೆ.

ಹಡಗು ಹತ್ತಿ ನಿಮ್ಮ ಕಚೇರಿಗೂ ಬಂದೆ. ತಣ್ಣನೆಯ ಕೋಣೆ, ಗೋಡೆಯ ಮೇಲೆ ಎರಡು ದೇಶಗಳ ಬಾವುಟ. ತಾಉಸಿ ಪಾಪ, ಕುರ್ಚಿ ಕೊಟ್ಟ.

"ಹೆಸರು ತೆಗೆಯೋಕೆ ಎರಡೇ ದಾರಿ ಅಕ್ಕಾ. ಭೂಮಿ ಮಾರಬೇಕು. ಇಲ್ಲಾಂದ್ರೆ..." ಎಂದು ನಿಲ್ಲಿಸಿದ.

"ಇಲ್ಲಾಂದ್ರೆ ಸಾಯಬೇಕಾ?"

"ಯಂತ್ರ ಹಾಗೆ ಕೇಳುತ್ತೆ, ನಾನಲ್ಲ. ಅದನ್ನ ಬದಲಾಯಿಸೋದು ಆ ಪರದೇಶಿಗಳಿಗೆ ಮಾತ್ರ ಬರುತ್ತೆ. ಯೋಜನೆ ಮುಗೀತು, ಅವರು ಹೋದ್ರು."

"ನಿನಗೆ ಕಲಿಸಿದ್ದೇನು ಮತ್ತೆ?"

"ಏರಿಸೋದು ಕಲಿಸಿದ್ರು ಅಕ್ಕಾ. ಇಳಿಸೋದು ಮುಂದಿನ ತರಬೇತಿಯಲ್ಲಿ ಅಂದಿದ್ರು."

ಒಡಹುಟ್ಟಿದವರಿಗೆ ಅವರದೇ ನೆಲವನ್ನು ಮಾರಲೇ? ಹಾಗಾದರೆ ಸತ್ತರಾದರೂ ಬಗೆಹರಿಯುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. ನನ್ನ ಹೆಸರಿನ ಜಾಗದಲ್ಲಿ ತಾನಾಗಿ ನನ್ನ ಮಗಳು ಸೈನಾತಿಯ ಹೆಸರು ಬಂದು ಕೂರುತ್ತದಂತೆ. ಆಗ ಕಳ್ಳಿ ಎನಿಸಿಕೊಳ್ಳುವ ಸರದಿ ಅವಳದು. ಅಂದಿನಿಂದ ಎದೆ ಕೊಂಚ ಹಿಡಿದರೂ ಹೆದರುತ್ತೇನೆ, ಕೆಮ್ಮು ಬಂದರೂ ಹೆದರುತ್ತೇನೆ. ಜೀವದ ಆಸೆಯಿಂದಲ್ಲ. ಈ ಹೆಸರು ಇಳಿಯುವ ಮೊದಲೇ ನಾನು ಹೋಗಿಬಿಟ್ಟರೆ ಎಂದು. ಹಡಗು ಹತ್ತಿದರೆ ಮುಳುಗೀತು, ಮರದ ಕೆಳಗೆ ನಡೆದರೆ ಕಾಯಿ ಬಿದ್ದೀತು ಎನಿಸುತ್ತದೆ. ಸಾಯಲೂ ಬಿಡದಂಥ ಸೌಲಭ್ಯವನ್ನು ಒದಗಿಸಿದ್ದೀರಿ, ವಂದನೆಗಳು.

ಮಿತ್ರದೇಶದವರು ಮತ್ತೆ ಬರುತ್ತಾರೆಂದು ಕೇಳಿದೆ. ಬರಲಿ. ಹೂಮಾಲೆ ಹಾಕುವ ಮೊದಲು ಅವರನ್ನು ಚಾಪೆಯ ಮೇಲೆ ಕೂರಿಸಿ, ಒಂದು ಭೂಮಿಗೆ ಒಂದು ಕುಟುಂಬದ ಎಲ್ಲ ಹೆಸರೂ ಹಿಡಿಯುವಷ್ಟು ಜಾಗ ಮಾಡಿಸಿ. ಏರಿಸಿದ್ದನ್ನು ಇಳಿಸುವ ವಿದ್ಯೆಯನ್ನು ತಾಉಸಿಗೆ ಕಲಿಸಿದ ಮೇಲೆಯೇ ಅವರನ್ನು ಬೀಳ್ಕೊಡಿ. ಇದಕ್ಕೆ ವರ್ಷಗಳು ಹಿಡಿಯುತ್ತವೆಂದು ನೀವು ಹೇಳುವಿರಿ, ನನಗೆ ಗೊತ್ತು. ಅಲ್ಲಿಯವರೆಗೆ ಇನ್ನೊಂದು ಮಾಡಿ, ಅದಕ್ಕೆ ಯಂತ್ರ ಬೇಡ. ಸಂಜೆ ರೇಡಿಯೋದಲ್ಲಿ ಹಡಗಿನ ವೇಳೆ ಹೇಳಿದ ಮೇಲೆ, ನೀವೇ ಬಂದು, ಆ ಭೂಮಿಯನ್ನು ಇವಳು ಕೇಳಿರಲಿಲ್ಲ, ತಪ್ಪು ನಮ್ಮದು ಎಂದು ಹೇಳಿ. ಅಣ್ಣ ಆ ಹೊತ್ತಿಗೆ ರೇಡಿಯೋ ಹಚ್ಚಿರುತ್ತಾನೆ. ನನ್ನ ಮಾತಿಗೆ ಅವನು ಮುಖ ತಿರುಗಿಸುತ್ತಾನೆ. ಸರಕಾರದ ಮಾತನ್ನು ಇನ್ನೂ ನಂಬುತ್ತಾನೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಮಾತ್ರ ಭಾಗ್ಯವಂತೆ,
ಸಿಲಫಾಗಾ