ಅಳಿಯಂದಿರು ಕುಣಿದ ವಿಚಾರ

ಹೊನ್ನಾವರ, ೧೨–೨–೧೯೬೧

ಮಗಳು ಅಂಬುಜೆಗೆ ತಂದೆಯ ಆಶೀರ್ವಾದ.

ಉಳಿದ ನಟರೆಲ್ಲರೂ ಬಿಟ್ಟುಹೋದುದರಿಂದ, ಐದು ಪಾತ್ರಗಳನ್ನೂ ಹದಿನಾಲ್ಕು ಹಾಡುಗಳನ್ನೂ ಅಳಿಯಂದಿರೊಬ್ಬರೇ ನಿರ್ವಹಿಸುವ ಸಂಗೀತ ನಾಟಕವು ನಿನ್ನೆ ಇಲ್ಲಿ ನಡೆಯಿತು. ಈ ಊರೂ ಮೆಚ್ಚದಿದ್ದರೆ ನಾಟಕ ಮಂಡಳಿಯನ್ನು ಮುಚ್ಚುವುದೆಂದು ಒಡೆಯರು ನಿಶ್ಚಯಿಸಿದ್ದರು.

ಇಲ್ಲಿಯವರು ಯಕ್ಷಗಾನ ನೋಡಿ ಬೆಳೆದವರು. ಅದರಲ್ಲಿ ಹಾಡುವವರು ಭಾಗವತರು, ವೇಷಧಾರಿ ಕುಣಿಯುತ್ತಾನೆ. ವೇಷಧಾರಿಯೇ ಹಾಡುವುದನ್ನು ಕಂಡು, ಭಾಗವತರು ಬಂದಿಲ್ಲವೆಂದು ಸಭೆ ಮರುಗಿತು. ಮೂರನೆಯ ಹಾಡಿಗೆ ಇಡಗುಂಜಿಯ ವೃದ್ಧ ಭಾಗವತರೊಬ್ಬರು ರಂಗವನ್ನೇರಿ, ಪರದೆಯ ಮರೆಯಲ್ಲಿ ಮಾತು ಎತ್ತಿಕೊಡುತ್ತಿದ್ದ ನನ್ನ ಕೈಯಿಂದ ನಾಟಕದ ಪ್ರತಿಯನ್ನು ತೆಗೆದುಕೊಂಡು, "ಭಾಗವತ ಇಲ್ಲೆ ಹೇಳಿ ಹೆದ್ರಡ ತಮಾ. ಪದ್ಯ ಆನು ಹೇಳ್ತೆ, ನೀ ಕುಣಿ" ಎಂದು ಧೈರ್ಯ ಹೇಳಿದರು. ಎಂದೂ ಕುಣಿಯದ ಅಳಿಯಂದಿರು ಕುಣಿದರು. ಭಾಗವತರ ಬಾಯಲ್ಲಿ ಒಂದು ಮಹಾಪ್ರಾಣವೂ ಸಡಿಲಲಿಲ್ಲ. ಅಳಿಯಂದಿರ ವಿಷಯದಲ್ಲಿ ನಾನು ಹಾಗೆ ಹೇಳಲಾರೆ.

ಕುಮಟೆಯವರು ಆರು ಪ್ರಯೋಗಗಳಿಗೆ ಕರೆದಿದ್ದಾರೆ, ಭಾಗವತರೂ ಬರಬೇಕೆಂಬ ನಿಬಂಧನೆಯೊಡನೆ. ಭಿತ್ತಿಪತ್ರದಲ್ಲಿ ಈಗಲೂ 'ಏಕವ್ಯಕ್ತಿ ನಾಟಕ' ಎಂದೇ ಇದೆ. ತಿದ್ದಬೇಕೆಂಬ ನನ್ನ ಸೂಚನೆಯನ್ನು ಒಡೆಯರು ಒಪ್ಪಲಿಲ್ಲ. ಅಳಿಯಂದಿರ ಮೊಣಕಾಲು ಊದಿದೆ; ಎಣ್ಣೆ ತಿಕ್ಕುತ್ತಿದ್ದೇವೆ.

ಅಂಚೆ ಹೊರಡುವ ವೇಳೆಯಾಯಿತು. ಹರಕೆ ಹೊತ್ತಿರುವುದಾಗಿ ಬರೆದಿದ್ದೀಯೆ, ಯಾವುದಕ್ಕೆಂದು ತಿಳಿಸಿಲ್ಲ. ಮಂಡಳಿ ಉಳಿಯಲೆಂದಾದರೆ ಅದನ್ನು ತೀರಿಸು. ಅಳಿಯಂದಿರು ಮನೆಗೆ ಮರಳಲೆಂದಾದರೆ ಸದ್ಯಕ್ಕೆ ತೀರಿಸಬೇಕಾಗಿಲ್ಲ.

ನಿನ್ನ ತಂದೆ