ಗಂಜಿ ತಿಳಿ ಕೊಟ್ಟವರು

ಅಕ್ಕಿಹೆಬ್ಬಾಳು
16-11-1994

ಅತ್ತೆಗೆ, ನಿಮ್ಮ ಸೊಸೆ ಕಮಲಾಕ್ಷಿಯ ನಮಸ್ಕಾರಗಳು.

ಮೊದಲು ಚಿನ್ನುವಿನ ಸುದ್ದಿ. ನಿಮ್ಮ ಮೊಮ್ಮಗಳು ಚೆನ್ನಾಗಿದ್ದಾಳೆ. ನಿನ್ನೆ ಒರಳುಕಲ್ಲು ಹಿಡಿದು ತಾನಾಗಿಯೇ ಎದ್ದು ನಿಂತಳು. ಅತ್ತಿಗೆ ಈ ಕಾಗದ ಓದಿ ಹೇಳುವಾಗ ನೀವು ಅರ್ಧಕ್ಕೇ ಎದ್ದು ಹೋಗಬೇಡಿ, ಪೂರ್ತಿ ಕೇಳಿ.

ನೀವು ನಾಗಮಂಗಲಕ್ಕೆ, ಮಗಳ ಮನೆಗೆ ಹೋಗಿ ಎರಡೂವರೆ ತಿಂಗಳಾಯಿತು. ಅತ್ತಿಗೆಗೆ ಹುಷಾರಿಲ್ಲ, ಅದಕ್ಕೇ ಹೋಗಿದ್ದಾರೆ ಎಂದು ಊರವರಿಗೆಲ್ಲ ಸುಳ್ಳು ಹೇಳಿದ್ದೇನೆ. ನಿಮ್ಮನ್ನು ಕಳಿಸಿದ್ದು ನನ್ನ ಬಾಯಿ.

ಆವತ್ತು ವಾಂತಿ ಭೇದಿಯಾಗಿ ಚಿನ್ನುವಿನ ಕಣ್ಣು ಗುಳಿ ಬಿದ್ದಿತ್ತು. ಅಳುವುದಕ್ಕೂ ಶಕ್ತಿ ಇರಲಿಲ್ಲ. ನಾನು ಬಸ್ಸಿಗೆ ಹೊರಡುವವರೆಗೂ ನೀವು ಜಗಲಿಯಲ್ಲಿ ಕೂತು, ಉಪ್ಪು ಹಾಕಿದ ಗಂಜಿ ತಿಳಿಯನ್ನು ಚಮಚ ಚಮಚವಾಗಿ ಕುಡಿಸುತ್ತಲೇ ಇದ್ದಿರಿ. ನಾನು ಮಗುವನ್ನು ಕಿತ್ತುಕೊಂಡು, "ಸಗಣಿ ಬಾಚೋ ಕೈಲಿ ಉಣ್ಸಿ ಉಣ್ಸಿ ಇಂಗ್ ಮಾಡ್ಬುಟ್ರಿ, ಇನ್ ಮುಟ್ಬ್ಯಾಡಿ" ಎಂದೆ. ನೀವು ಚಮಚ ಕೆಳಗಿಟ್ಟು ಒಳಗೆ ಹೋದಿರಿ.

ಕೆ.ಆರ್. ಪೇಟೆ ಆಸ್ಪತ್ರೆಯಲ್ಲಿ ಡಾಕ್ಟರು ಡ್ರಿಪ್ ಹಾಕಿ, ಮನೆಯಲ್ಲಿ ಏನು ಕೊಟ್ಟಿರೆಂದು ಕೇಳಿದರು. ಹೇಳಿದೆ. "ಆ ಗಂಜಿ ತಿಳೀನೇ ಮಗೂನ ಇಲ್ಲಿವರೆಗೂ ತಂದಿದ್ದು. ಯಾರಮ್ಮ ಕೊಟ್ಟಿದ್ದು?" ಎಂದರು.

"ನಾನೇ" ಎಂದುಬಿಟ್ಟೆ, ಅತ್ತೆ. ನಿಮ್ಮ ಮಗ ಆಗತಾನೇ ಕೆಲಸದಿಂದ ಓಡಿ ಬಂದು ಪಕ್ಕದಲ್ಲಿ ನಿಂತಿದ್ದರು. ಹೆಂಡತಿ ಬುದ್ಧಿವಂತೆ ಎಂದು ಹಾಲಿನ ಡೈರಿಯಲ್ಲೆಲ್ಲ ಹೇಳಿಕೊಂಡು ಬಂದರು.

ವಾರದ ಮೇಲೆ ಅಂಗನವಾಡಿಯ ಪುಟ್ಟತಾಯಮ್ಮ ಬಂದು ಮಗುವನ್ನು ತೂಗಿದರು. ಹದಿನಾಲ್ಕು ತಿಂಗಳಿಗೆ ಆರೂವರೆ ಕೆ.ಜಿ. ಹಾಲು ಯಾವುದರಲ್ಲಿ ಕುಡಿಸುತ್ತೀರಿ ಎಂದು ಕೇಳಿದರು. ಹಾಲು ಕುಡಿಸೋಕೆ ಒಳಲೆ ಸಾಕು ಎಂದು ನೀವು ಹೇಳಿದರೂ ಕೇಳದೆ, ಸಂತೆಯಿಂದ ನಾನೇ ತಂದಿದ್ದ ಪ್ಲಾಸ್ಟಿಕ್ ಬಾಟಲಿ ತೋರಿಸಿದೆ. "ಒಳಿಕ್ ಬೆಳ್ಳಾಕಿ ನೋಡವ್ವ" ಎಂದರು. ಬೆರಳಿಗೆ ಲೋಳೆ ಹತ್ತಿತು. ತಣ್ಣೀರು ಹಾಕಿ ಅಲ್ಲಾಡಿಸಿದರೆ ತೊಳೆದಂತಾಯಿತು ಎಂದುಕೊಂಡಿದ್ದೆ. ಗಟ್ಟಿ ಹಾಲು ಅರಗುವುದಿಲ್ಲವೆಂದು ಬೋರಿಂಗ್ ನೀರನ್ನು ಕಾಯಿಸದೆ ಅರ್ಧಕ್ಕರ್ಧ ಬೆರೆಸುತ್ತಿದ್ದವಳೂ ನಾನೇ. ಆ ಬೋರಿಂಗಿನ ಕಟ್ಟೆ ಒಡೆದು, ದನ ತೊಳೆದ ನೀರೆಲ್ಲ ಅಲ್ಲೇ ಇಂಗುತ್ತಿತ್ತು.

ಬಾಟಲಿ ಅವತ್ತೇ ಬಿಸಾಡಿದೆ. ಈಗ ನೀರು ಕುದಿಸಿ ಆರಿಸುತ್ತೇನೆ. ರಾಗಿ ಸರಿಗೆ ತುಪ್ಪ ಹಾಕುತ್ತೇನೆ, ಬೇಳೆ ಸೊಪ್ಪು ಮೆತ್ತಗೆ ಕಿವುಚಿ ತಿನ್ನಿಸುತ್ತೇನೆ, ದಿನ ಬಿಟ್ಟು ದಿನ ಮೊಟ್ಟೆ. ಉಣಿಸುವ ಮುಂಚೆ ಸೋಪು ಹಾಕಿ ಕೈ ತೊಳೆಯಲೇಬೇಕಂತೆ. ಅದು ನನಗೂ ಸೇರಿ, ನಿಮಗೂ ಸೇರಿ. ಈ ಒಂದು ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಮೊನ್ನೆ ತೂಗಿದರೆ ಏಳೂಮುಕ್ಕಾಲು ಕೆ.ಜಿ.! ಪುಟ್ಟತಾಯಮ್ಮ ಕಾರ್ಡಿನಲ್ಲಿ ಚುಕ್ಕಿ ಇಡುವಾಗ ಅವರ ಮುಂದೆಯೇ ಅತ್ತುಬಿಟ್ಟೆ.

ಆ ಸಂಜೆ ನಿಮ್ಮ ಮಗನಿಗೂ ನಿಜ ಹೇಳಿದೆ. ತಟ್ಟೆ ತಳ್ಳಿ ಎದ್ದು ಹೋದರು. ಬೆಳಿಗ್ಗೆ, "ಅವ್ವಂಗೆ ನೀನೇ ಬರಿ. ನಾನ್ ಕರುದ್ರೆ ಬರಾಕಿಲ್ಲ" ಎಂದರು.

ಭಾನುವಾರ ಮೊದಲ ಬಸ್ಸಿಗೆ ಚಿನ್ನುವನ್ನು ಎತ್ತಿಕೊಂಡು ಬರುತ್ತೇನೆ. ಎಷ್ಟು ಬೇಕಾದರೂ ಬೈಯಿರಿ. ವಾಪಸ್ ಬರುವಾಗ ಮಾತ್ರ ನಮ್ಮ ಜೊತೆ ಬನ್ನಿ.

ನಿಮ್ಮ ಕಾಲಿಗೆ ಬೀಳುವ,
ಕಮಲಾಕ್ಷಿ

ಇನ್ನೊಂದು ವಿಷಯ. ಅತ್ತಿಗೆ, ಇದನ್ನು ಅತ್ತೆಯ ಕಿವಿಯಲ್ಲಷ್ಟೇ ಓದಿ. ನಾನು ಎರಡು ತಿಂಗಳಿಂದ ಹೊರಗಾಗಿಲ್ಲ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ, ಅತ್ತೆ. ಮೊದಲು ನಿಮಗೇ.